ವಾಕಿಂಗಿಗೆ ಬೈಕಿನಲ್ಲಿ ಹೋಗುವ ಊರು

ಶಿವಮೊಗ್ಗದಲ್ಲಿ ನಡೆಯುವವರಿಗೇನೂ ಕೊರತೆ ಇಲ್ಲ. ಬೆಳಗ್ಗೆ ಆರು ಗಂಟೆಗೆ ನೆಹರೂ ಸ್ಟೇಡಿಯಂ ಕಡೆ ಹೋಗಿ ನೋಡಿ. ಹಳೇ ಜೈಲಿದ್ದ ಜಾಗದ ಫ್ರೀಡಂ ಪಾರ್ಕಿನಲ್ಲೂ ಅಷ್ಟೇ, ಈಗ ಅದಕ್ಕೆ ಅಲ್ಲಮಪ್ರಭು ಹೆಸರಿಟ್ಟಿದ್ದಾರೆ. ಕೈ ಬೀಸಿಕೊಂಡು, ಅಡಿಕೆ ರೇಟು ಮಾತಾಡಿಕೊಂಡು ಜನ ಸುತ್ತು ಹಾಕುತ್ತಿರುತ್ತಾರೆ. ಆಮೇಲೆ ಗೇಟಿನ ಹೊರಗೆ ಕಣ್ಣು ಹಾಯಿಸಿ. ಸಾಲಾಗಿ ನಿಂತ ಸ್ಕೂಟರು, ಬೈಕು, ಕಾರು. ನಡೆಯೋಕೆ ಬಂದವರು ಗಾಡಿಯಲ್ಲಿ ಬಂದಿದ್ದಾರೆ. ವಾಪಸ್ ಹೋಗುವಾಗ ಅದೇ ಗಾಡಿಯಲ್ಲಿ ಹಾಲು, ಸೊಪ್ಪು ತಗೊಂಡು ಹೋಗುತ್ತಾರೆ.

ಸೋಮಾರಿತನ ಅಂತ ನಕ್ಕು ಬಿಡಬಹುದು. ಆದರೆ ಸೋಮಾರಿಗಳು ಬೆಳಗ್ಗೆ ಐದೂವರೆಗೆ ಎದ್ದು ಶೂ ಲೇಸ್ ಕಟ್ಟುವುದಿಲ್ಲ. ಇವರಿಗೆ ನಡೆಯುವ ಮನಸ್ಸಿದೆ, ಕಾಲಲ್ಲಿ ಕಸುವೂ ಇದೆ. ಮನೆಯಿಂದ ಹೊರಗೆ ಕಾಲಿಟ್ಟರೆ ನೆಮ್ಮದಿಯಾಗಿ ನಡೆಯೋಕೆ ಜಾಗ ಇಲ್ಲ. ಅದಕ್ಕೇ ನಡಿಗೆಯನ್ನು ಒಂದು ಕಾಂಪೌಂಡಿನೊಳಗೆ ಇಟ್ಟು, ಅಲ್ಲಿಗೆ ಗಾಡಿ ಹತ್ತಿ ಹೋಗುವ ಅಭ್ಯಾಸ ಮಾಡಿಕೊಂಡಿದ್ದೇವೆ. ಊರಿನ ಆರೋಗ್ಯದ ಮಾತು ಬಂದಾಗಲೆಲ್ಲ ಇನ್ನೊಂದು ಪಾರ್ಕು, ಇನ್ನೊಂದು ಓಪನ್ ಜಿಮ್, ಇನ್ನೊಂದು ವಾಕಿಂಗ್ ಟ್ರ್ಯಾಕ್ ಬೇಕು ಅಂತ ಕೇಳುತ್ತೇವೆ. ಅವೆಲ್ಲ ಇರಲಿ. ಆದರೆ ಒಬ್ಬ ಮನುಷ್ಯ ದಿನಾ ಎಷ್ಟು ನಡೆಯುತ್ತಾನೆ ಅನ್ನೋದು ಅವನ ಮನೆಯಿಂದ ಹಾಲಿನ ಬೂತಿಗೆ, ಬಸ್ ಸ್ಟಾಪಿಗೆ, ಮಕ್ಕಳ ಶಾಲೆಗೆ ಹೋಗುವ ದಾರಿಯ ಮೇಲೆ ನಿಂತಿದೆ. ಆ ದಾರಿ ಹೇಗಿರಬೇಕು ಅನ್ನೋದು ಬಡಾವಣೆಯ ನಕ್ಷೆಗೆ ಸಹಿ ಬೀಳುವ ದಿನವೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ.

ಇಪ್ಪತ್ತೆರಡು ನಿಮಿಷದ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಳಸಬೇಕು. ಬಿರುಸಾಗಿ ನಡೆದರೂ ಸಾಕು. ಭಾರತದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ದೊಡ್ಡವರು ಇಷ್ಟೂ ಮಾಡುವುದಿಲ್ಲ ಅಂತ 2024ರಲ್ಲಿ ಅದೇ ಸಂಸ್ಥೆ ಅಂದಾಜು ಪ್ರಕಟಿಸಿತು. ಜಗತ್ತಿನ ಸರಾಸರಿ ಶೇ. 31. ಅದರ ಹಿಂದಿನ ವರ್ಷ, 2023ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ದೊಡ್ಡ ಸಮೀಕ್ಷೆ ಬಂದಿತ್ತು. ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಅಂತ ಅದು ಹೇಳಿತು. ಇದಕ್ಕೆ ಊಟ, ವಯಸ್ಸು, ವಂಶ ಎಲ್ಲವೂ ಕಾರಣ. ನಡೆದ ಮಾತ್ರಕ್ಕೆ ಸಕ್ಕರೆ ಓಡಿಹೋಗುವುದಿಲ್ಲ. ಆದರೂ ಮೈ ಅಲುಗಾಡದೆ ಇರುವುದು ದೊಡ್ಡ ಕಾರಣಗಳಲ್ಲಿ ಒಂದು ಅನ್ನೋದರಲ್ಲಿ ವೈದ್ಯರಿಗೆ ಅನುಮಾನ ಇಲ್ಲ.

ಆ 150 ನಿಮಿಷವನ್ನು ಏಳು ದಿನಕ್ಕೆ ಹಂಚಿ. ದಿನಕ್ಕೆ 22 ನಿಮಿಷ ಸಹ ಆಗುವುದಿಲ್ಲ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆದರೆ 900 ಮೀಟರ್ ದೂರದ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವತ್ತಿನ ಲೆಕ್ಕ ಚುಕ್ತಾ. ಜಿಮ್ ಫೀಸಿಲ್ಲ, ಟ್ರ್ಯಾಕ್ ಸೂಟಿಲ್ಲ, ಅಲಾರಂ ಇಟ್ಟು ಏಳುವ ಗೋಜೂ ಇಲ್ಲ. ಹೊಸ ವರ್ಷದ ಸಂಕಲ್ಪ ಫೆಬ್ರವರಿಗೆ ಮುಗಿಯುತ್ತದೆ. ಮನೆಗೆ ಮೊಸರು ಬೇಕಾಗುವುದು ಮುಗಿಯುವುದಿಲ್ಲ ಅಲ್ವಾ?

ಬಡಾವಣೆ ಬೇರೆಯಾದರೆ ಜನ ನಿಜವಾಗಲೂ ಜಾಸ್ತಿ ನಡೆಯುತ್ತಾರಾ? 2016ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಬಂತು. 10 ದೇಶಗಳ 14 ನಗರಗಳಲ್ಲಿ ಸುಮಾರು 6,800 ಜನರ ಸೊಂಟಕ್ಕೆ ಯಂತ್ರ ಕಟ್ಟಿ ಅಳೆದಿದ್ದರು. ನಡೆಯೋಕೆ ಅತಿ ಅನುಕೂಲವಾದ ಬಡಾವಣೆಯವರು ಅತಿ ಅನಾನುಕೂಲದ ಬಡಾವಣೆಯವರಿಗಿಂತ ವಾರಕ್ಕೆ 68ರಿಂದ 89 ನಿಮಿಷ ಜಾಸ್ತಿ ಮೈ ಬಳಸುತ್ತಿದ್ದರು. ಅಂದರೆ ಬೇಕಾದ 150ರಲ್ಲಿ ಅರ್ಧದಷ್ಟು ಬರೀ ವಾಸದ ಜಾಗದ ಜತೆಗೇ ಬಂದಂತೆ. ನಡೆಯುವ ಇಷ್ಟ ಇರುವವರೇ ಅಂಥ ಕಡೆ ಮನೆ ಹುಡುಕಿರಬಹುದು ಅನ್ನುವ ತಕರಾರು ಇದ್ದೇ ಇದೆ. ಆ ಪಟ್ಟಿಯಲ್ಲಿ ಭಾರತದ ನಗರ ಒಂದೂ ಇರಲಿಲ್ಲ. ಆದರೂ ಯಾವ ಅಂಶಗಳು ಎದ್ದು ಕಂಡವು ಅನ್ನೋದು ನಮಗೆ ಕುತೂಹಲದ ವಿಷಯ. ನಾಲ್ಕು: ಮನೆಗಳು ಒತ್ತಾಗಿರುವುದು, ರಸ್ತೆಗಳು ಪದೇ ಪದೇ ಒಂದನ್ನೊಂದು ಕೂಡುವುದು, ಬಸ್ ಸ್ಟಾಪುಗಳು ಜಾಸ್ತಿ ಇರುವುದು, ನಡೆದು ಹೋಗುವ ದೂರದಲ್ಲಿ ಪಾರ್ಕುಗಳಿರುವುದು. ಅಂಗಡಿ, ಮನೆ ಬೆರೆತಿರುವುದು ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ನಮ್ಮಲ್ಲಿ ಅದು ಹೇಗೂ ಸಮಸ್ಯೆಯಲ್ಲ. ಸೈಟಿನಲ್ಲಿ ಮನೆ ಎದ್ದ ಆರು ತಿಂಗಳಲ್ಲಿ ಕೆಳಗಡೆ ಒಂದು ಕಿರಾಣಿ ಅಂಗಡಿಯೋ ಜೆರಾಕ್ಸ್ ಅಂಗಡಿಯೋ ಬಂದು ಕೂತಿರುತ್ತದೆ. ನಮ್ಮ ಸಮಸ್ಯೆ ಎರಡನೆಯದು. ರಸ್ತೆಗಳು ಒಂದನ್ನೊಂದು ಕೂಡುವುದಿಲ್ಲ.

ಗೋಡೆಯ ಆಚೆ ಅಂಗಡಿ

ಗೋಪಾಳದ ಆಚೆ, ಸವಳಂಗ ರಸ್ತೆ, ಸಾಗರ ರಸ್ತೆಯ ಆಸುಪಾಸು ಗದ್ದೆ ತೋಟಗಳು ಸೈಟುಗಳಾದ ರೀತಿ ನೋಡಿ. ಒಬ್ಬರ ಸರ್ವೆ ನಂಬರು ಮೂರೆಕರೆ. ಪಕ್ಕದವರದ್ದು ಐದೆಕರೆ. ಒಬ್ಬರು ಒಂದು ವರ್ಷ ಬಡಾವಣೆ ಮಾಡಿದರು, ಇನ್ನೊಬ್ಬರು ನಾಲ್ಕು ವರ್ಷ ಬಿಟ್ಟು ಮಾಡಿದರು. ಇಬ್ಬರೂ ತಮ್ಮ ಜಾಗದ ಮಟ್ಟಿಗೆ ನಿಯಮ ಪಾಲಿಸಿದ್ದಾರೆ. 30 ಅಡಿ ರಸ್ತೆ ಬಿಟ್ಟಿದ್ದಾರೆ, ಪಾರ್ಕಿಗೆ ಜಾಗ ತೋರಿಸಿದ್ದಾರೆ, ಮುಖ್ಯ ರಸ್ತೆಗೆ ಒಂದು ಕಮಾನು ಕಟ್ಟಿ ಹೆಸರು ಬರೆಸಿದ್ದಾರೆ. ಇಬ್ಬರ ನಡುವೆ ಮಾತ್ರ ಗೋಡೆ.

ಹೆಸರು ಬೇಡ, ಇಂಥದೊಂದು ಗೋಡೆ ನನಗೆ ಚೆನ್ನಾಗಿ ಗೊತ್ತು. ಈ ಕಡೆಯ ಮನೆಯ ಅಡುಗೆಮನೆ ಕಿಟಕಿಯಲ್ಲಿ ನಿಂತರೆ ಆಚೆ ಬಡಾವಣೆಯ ಅಂಗಡಿಯ ಬೆನ್ನು ಕಾಣುತ್ತದೆ. ಸಂಜೆ ಅಲ್ಲಿ ಮೆಣಸಿನಕಾಯಿ ಬೋಂಡಾ ಕರಿದರೆ ಇಲ್ಲಿ ಘಮ ಬರುತ್ತದೆ. ದೂರ ಐವತ್ತು ಅರವತ್ತು ಮೀಟರ್ ಇರಬಹುದು. ರಸ್ತೆ ಹಿಡಿದು ಹೋಗಬೇಕಾದರೆ ಮೊದಲು ಕ್ರಾಸ್ ದಾಟಿ, ಬಡಾವಣೆಯ ಮುಖ್ಯ ರಸ್ತೆಗೆ ಬಂದು, ಕಮಾನು ದಾಟಿ, ಲಾರಿ ಓಡಾಡುವ ಹೆದ್ದಾರಿಯ ಅಂಚಿನಲ್ಲಿ ನಡೆದು, ಆಚೆ ಕಮಾನಿನೊಳಗೆ ನುಗ್ಗಿ, ಮತ್ತೆ ಹಿಂದಕ್ಕೆ ಬರಬೇಕು. ಕಿಲೋಮೀಟರಿಗೆ ಕಡಿಮೆ ಇಲ್ಲ. ಬೋಂಡಾ ತಿನ್ನೋಕೆ ಸ್ಕೂಟರ್ ತೆಗೆಯದೆ ಏನು ಮಾಡ್ತಾರೆ? ಗೋಡೆಯ ಒಂದು ಮೂಲೆಯಲ್ಲಿ ಯಾರೋ ಸಿಮೆಂಟ್ ಇಟ್ಟಿಗೆ ಕಿತ್ತು ಕಿಂಡಿ ಮಾಡಿದರು. ಮಕ್ಕಳು ಅದರಲ್ಲಿ ತೂರಿ ಟ್ಯೂಷನ್ನಿಗೆ ಹೋಗತೊಡಗಿದರು. ಕಳ್ಳರು ಬರುತ್ತಾರೆ ಅಂತ ನಿವಾಸಿಗಳ ಸಂಘದವರು ಮುಚ್ಚಿಸಿದರು. ಮಳೆಗಾಲ ಕಳೆಯುವಷ್ಟರಲ್ಲಿ ಕಿಂಡಿ ಮತ್ತೆ ಅಲ್ಲೇ ತೆರೆದುಕೊಂಡಿತ್ತು. ನಗರ ಯೋಜನೆ ಓದಿದ ಯಾರಾದರೂ ಆ ಕಿಂಡಿಯನ್ನು ನೋಡಿ ಅಲ್ಲೊಂದು ದಾರಿ ಬೇಕು ಅಂತ ಬರೆದುಕೊಳ್ಳಬೇಕಿತ್ತು.

ಇಂಥ ದಾರಿಗೆ ಎಷ್ಟು ಜಾಗ ಬೇಕು? ಬೆನ್ನಿಗೆ ಬೆನ್ನು ಕೊಟ್ಟ ಎರಡು 30–40 ಸೈಟುಗಳ ಪಕ್ಕದಲ್ಲಿ ಆರಡಿ ಓಣಿ ಬಿಟ್ಟರೆ 480 ಚದರ ಅಡಿ. ಒಂದು ಸೈಟಿನ ಅರ್ಧಕ್ಕಿಂತ ಕಡಿಮೆ. ನಕ್ಷೆ ಮಂಜೂರು ಮಾಡುವಾಗ ಪ್ರಾಧಿಕಾರ ಪಕ್ಕದ ಸರ್ವೆ ನಂಬರಿನತ್ತ ಕಣ್ಣಾಡಿಸಿ, ಇಲ್ಲಿಂದ ಅಲ್ಲಿಗೆ ಕಾಲುದಾರಿ ಬಿಡಿ ಅಂತ ಒಂದು ಸಾಲು ಬರೆದರೆ ಮುಗಿಯಿತು. ಮನೆಗಳು ಎದ್ದ ಮೇಲೆ ಅದೇ 480 ಚದರ ಅಡಿಯನ್ನು ಯಾವ ಸರ್ಕಾರವೂ ಹೊಂದಿಸಲಾರದು. ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ನಮ್ಮ ಸೂಡಾ, ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಅಗ್ಗದ್ದು ನನಗೆ ಕಾಣುವುದಿಲ್ಲ.

ಹಳೇ ಊರಿನಲ್ಲಿ ಇಂಥ ದಾರಿಗಳು ಧಾರಾಳ ಇವೆ. ದುರ್ಗಿಗುಡಿ ಕಡೆ ಮನೆಗಳ ಹಿಂದೆ ಕನ್ಸರ್ವೆನ್ಸಿ ಅಂತ ಓಣಿಗಳಿವೆ. ಅವು ನಡೆದಾಡುವವರ ಸುಖಕ್ಕೆ ಬಿಟ್ಟವಲ್ಲ. ನೀರಿಲ್ಲದ ಒಣ ಪಾಯಿಖಾನೆಗಳನ್ನು ಬಳಿಯಲು ಬರುವವರು ಮುಂಬಾಗಿಲಿನ ರಸ್ತೆಯಲ್ಲಿ ಕಾಣಬಾರದು ಅಂತ ಬಿಟ್ಟವು. ಆ ಚರಿತ್ರೆ ಹೆಮ್ಮೆ ಪಡುವಂಥದ್ದಲ್ಲ. ಒಳಚರಂಡಿ ಬಂದ ಮೇಲೆ ಅವು ಕಸದ ಗುಂಡಿಗಳಾದವು. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಮೇಲೆ ಅಂಥ ಕೆಲವು ಓಣಿಗಳಿಗೆ ನೆಲಹಾಸು, ದೀಪ ಹಾಕಿ ಜನ ಓಡಾಡುವ ಹಾಗೆ ಮಾಡಿದರು. ಆ ಯೋಜನೆಯ ಬಗ್ಗೆ ಊರಲ್ಲಿ ನೂರೆಂಟು ದೂರುಗಳಿವೆ, ನನಗೂ ಇವೆ. ಆದರೆ ಈ ಕೆಲಸವನ್ನು ನಾನು ಮೆಚ್ಚುತ್ತೇನೆ. ಹೊಸ ರಸ್ತೆ ಅಗೆಯದೆ, ಯಾರ ಮನೆಯನ್ನೂ ಒಡೆಯದೆ ಊರಿಗೆ ಅಡ್ಡದಾರಿಗಳು ಸಿಕ್ಕವು. ತುಂಗಾ ದಂಡೆಯ ಮೇಲೆ ಕಟ್ಟಿದ ನಡಿಗೆ ಪಥವೂ ಚೆನ್ನಾಗಿದೆ. ಅಲ್ಲಿಗೂ ಜನ ಗಾಡಿಯಲ್ಲೇ ಹೋಗುತ್ತಾರೆ ಅನ್ನೋದು ಬೇರೆ ಮಾತು. ದುಡ್ಡಿನ ಬಹುಪಾಲು ಆಯ್ದ ಒಂದು ಪ್ರದೇಶಕ್ಕೇ ಹೋಗಬೇಕು ಅನ್ನೋದು ಸ್ಮಾರ್ಟ್ ಸಿಟಿಯ ನಿಯಮವೇ ಆಗಿತ್ತು. ಹಾಗಾಗಿ ಊರಿನ ನಡುಭಾಗ ಮಿಂಚಿತು. ಜನ ಮನೆ ಕಟ್ಟಿಕೊಳ್ಳುತ್ತಿರುವ ಅಂಚಿಗೆ ಏನೂ ತಲುಪಲಿಲ್ಲ.

ಹತ್ತು ಮನೆ, ಹತ್ತು ಸಲ ಹತ್ತಿ ಇಳಿಯುವುದು

ಇನ್ನು ಫುಟ್‌ಪಾತ್. ನಮ್ಮಲ್ಲಿ ಫುಟ್‌ಪಾತ್ ಅಂದರೆ ಚರಂಡಿಯ ಮೇಲಿನ ಚಪ್ಪಡಿ. ಅದಕ್ಕೇ ಅದರ ಎತ್ತರವನ್ನು ಚರಂಡಿ ತೀರ್ಮಾನಿಸುತ್ತದೆ, ಮನುಷ್ಯರ ಮೊಣಕಾಲು ಅಲ್ಲ. ಮೊದಲ ಮನೆ ಮುಂದೆ ಒಂದಡಿ ಎತ್ತರ. ಮುಂದಿನ ಮನೆಯವರು ಕಾರು ಒಳಗೆ ಹಾಕೋಕೆ ಚಪ್ಪಡಿ ಕಿತ್ತು ರಸ್ತೆವರೆಗೆ ಇಳಿಜಾರು ಮಾಡಿದ್ದಾರೆ. ಅದರಾಚೆ ಗ್ರಿಲ್ ಹಾಕಿ ದಾಸವಾಳ, ಕ್ರೋಟನ್ ಬೆಳೆಸಿದ್ದಾರೆ. ಆಮೇಲೆ ಟ್ರಾನ್ಸ್‌ಫಾರ್ಮರ್. ಆಮೇಲೆ ಒಂದು ಚಪ್ಪಡಿಯೇ ಇಲ್ಲ, ಒಳಗೆ ಯಾರೂ ಬೀಳದಿರಲಿ ಅಂತ ಯಾರೋ ಪುಣ್ಯಾತ್ಮರು ಒಂದು ಕೊಂಬೆ ನೆಟ್ಟಿದ್ದಾರೆ. ಹತ್ತು ಮನೆ ದಾಟಬೇಕಾದರೆ ಹತ್ತು ಸಲ ಹತ್ತಿ ಇಳಿಯಬೇಕು. ಮಂಡಿನೋವಿರುವ ಅಜ್ಜಿ ಎರಡನೇ ಮನೆಗೇ ರಸ್ತೆಗೆ ಇಳಿಯುತ್ತಾರೆ, ಮತ್ತೆ ಹತ್ತುವುದಿಲ್ಲ. ಹಿಂದಿನಿಂದ ಬರುವ ಬೈಕಿನವನು ಹಾರನ್ ಹೊಡೆದು, ಫುಟ್‌ಪಾತ್ ಇಲ್ವಾ ಅಂತ ಬೈದು ಹೋಗುತ್ತಾನೆ.

ನಿಯಮಗಳೇನೂ ಕಡಿಮೆ ಇಲ್ಲ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ವಸತಿ ಪ್ರದೇಶದಲ್ಲೂ ಅಡ್ಡಿ ಇಲ್ಲದೆ ನಡೆಯುವ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಎತ್ತರ 15 ಸೆಂಟಿಮೀಟರ್ ದಾಟಬಾರದು. ಮನೆಯ ಗೇಟುಗಳ ಮುಂದೆಯೂ ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಬೇಕು. ಹತ್ತಿ ಇಳಿಯಬೇಕಾದ್ದು ಕಾರು, ಕಾಲಲ್ಲ. ಅಂಗವಿಕಲರಿಗೂ ಅನುಕೂಲವಾದ, ಅಡ್ಡಿ ಇಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿ ಕೊಡುವ ಹಕ್ಕಿನ ಭಾಗ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಅಲ್ಲಿಂದ ಮೂರನೇ ಕ್ರಾಸಿನ ಚಪ್ಪಡಿವರೆಗೆ ಆ ಮಾತು ಇಳಿದು ಬರಬೇಕಾದರೆ ಯಾರ ಟೆಂಡರಿನಲ್ಲಿ ಯಾವ ಅಳತೆ ಬರೆದಿದೆ ಅನ್ನೋದು ಮುಖ್ಯ. ಚರಂಡಿ ಕೆಲಸದ ಟೆಂಡರಿನಲ್ಲೇ ಚಪ್ಪಡಿಯ ಮಟ್ಟವನ್ನೂ ಬರೆದರೆ ಹೊಸ ದುಡ್ಡು ಜಾಸ್ತಿ ಏನೂ ಬೇಕಾಗುವುದಿಲ್ಲ.

ಫುಟ್‌ಪಾತ್ ಒತ್ತುವರಿ ಅಂದ ಕೂಡಲೇ ಜೆಸಿಬಿ ಬರುವುದು ಬೀದಿ ವ್ಯಾಪಾರಿಗಳ ಮೇಲೆ. ಇದು ನನಗೆ ಸರಿ ಕಾಣುವುದಿಲ್ಲ. ಗಾಂಧಿ ಬಜಾರಿನ ಹೂವಿನ ಬುಟ್ಟಿ ಎಷ್ಟು ಜಾಗ ಹಿಡಿಯುತ್ತದೆ? ನಿಲ್ಲಿಸಿದ ಒಂದು ಕಾರಿಗೆ 12 ಚದರ ಮೀಟರ್ ಬೇಕು. ಹೂವಿನವರು, ಸೊಪ್ಪಿನವರು, ಚುರುಮುರಿ ಗಾಡಿಯವರು ಇರುವ ಬೀದಿಯಲ್ಲಿ ರಾತ್ರಿ ಎಂಟೂವರೆಗೂ ಹೆಣ್ಣುಮಕ್ಕಳು ಧೈರ್ಯವಾಗಿ ನಡೆದು ಬರುತ್ತಾರೆ. ಬರೀ ಕಾಂಪೌಂಡು ಗೋಡೆಗಳಿರುವ ಬೀದಿಯಲ್ಲಿ ಏಳಕ್ಕೇ ಮನೆಯಿಂದ ಫೋನ್ ಬರುತ್ತದೆ, ಎಲ್ಲಿದ್ದೀಯಾ ಅಂತ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇವರಿಗೆ ಜಾಗ ಗುರುತಿಸಿ ಕೊಡಿ ಅನ್ನುತ್ತದೆ. ನಡೆಯುವವರಿಗೆ ಒಂದು ಪಟ್ಟಿ, ವ್ಯಾಪಾರಕ್ಕೆ ಒಂದು ಪಟ್ಟಿ ಬಿಟ್ಟರೆ ಇಬ್ಬರಿಗೂ ಆಗುತ್ತದೆ. ಪಾರ್ಕಿಂಗ್ ಹೋದರೆ ವ್ಯಾಪಾರ ಬೀಳುತ್ತದೆ ಅನ್ನೋದು ನೆಹರೂ ರಸ್ತೆ ಅಂಗಡಿಯವರ ಭಯ. ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ, ಬಾಡಿಗೆ ಕಟ್ಟುವವರು ಅವರು. ಆದರೆ ಎಷ್ಟೋ ಸಲ ಅಂಗಡಿ ಮುಂದೆ ದಿನವಿಡೀ ನಿಂತಿರುವುದು ಗಿರಾಕಿಯ ಬೈಕಲ್ಲ, ಅಂಗಡಿಯವರದ್ದೇ.

ರಸ್ತೆ ದಾಟುವವರು

ನಡೆಯುವವರ ದಾರಿ ಎಲ್ಲಿ ತುಂಡಾಗುತ್ತದೆ? ದೊಡ್ಡ ರಸ್ತೆ ಬಂದಲ್ಲಿ. ವಿನೋಬನಗರದ 100 ಅಡಿ ರಸ್ತೆ, ಬಿ.ಎಚ್. ರಸ್ತೆ, ಸಾಗರ ರಸ್ತೆ. ರಸ್ತೆ ಅಗಲ ಆದಷ್ಟೂ ಗಾಡಿ ಜೋರಾಗುತ್ತದೆ, ದಾಟುವ ದೂರ ಜಾಸ್ತಿ ಆಗುತ್ತದೆ. ಎರಡೂ ಒಟ್ಟಿಗೆ ಬಂದರೆ ಆ ಕಡೆಯ ಶಾಲೆಗೆ ಮಗುವನ್ನು ಒಂಟಿಯಾಗಿ ಕಳಿಸುವ ಧೈರ್ಯ ಯಾರಿಗೂ ಬರುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಇದು ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ಹೀಗಿರುವಾಗ ಮಗುವನ್ನು ಸ್ಕೂಟರಿನಲ್ಲಿ ಬಿಟ್ಟು ಬರುವ ತಾಯಿಯನ್ನು ದೂರುವುದು ಹೇಗೆ? ಆದರೆ ಹಾಗೆ ಬಿಡಲು ಬಂದ ಗಾಡಿಗಳೇ ಶಾಲೆಯ ಗೇಟಿನ ಮುಂದಿನ ಗದ್ದಲ. ಒಬ್ಬರ ಭಯದಿಂದ ಇನ್ನೊಬ್ಬರ ಭಯ ಹುಟ್ಟುತ್ತದೆ.

ಇದಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ. ಸರಾಸರಿ ವೇಗ ಶೇ. 1ರಷ್ಟು ಏರಿದರೆ ಸಾವಿನ ಅಪಘಾತ ಶೇ. 4ರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜನ ನಡೆದಾಡುವ ಬೀದಿಗಳಲ್ಲಿ ಗಂಟೆಗೆ 30 ಕಿಲೋಮೀಟರ್ ಮೀರಬಾರದು ಅನ್ನೋದು ಈಗ ಜಗತ್ತಿನ ಬಹಳ ಕಡೆ ಒಪ್ಪಿದ ಮಾತು. ಬೋರ್ಡ್ ಹಾಕಿದರೆ ಯಾರೂ ನಿಧಾನ ಮಾಡುವುದಿಲ್ಲ, ಅದು ನಮಗೆಲ್ಲ ಗೊತ್ತು. ರಸ್ತೆಯೇ ನಿಧಾನ ಮಾಡಿಸಬೇಕು. ದಾಟುವ ಜಾಗವನ್ನು ಫುಟ್‌ಪಾತಿನ ಮಟ್ಟಕ್ಕೆ ಏರಿಸಬೇಕು, ಗಾಡಿ ಅದರ ಮೇಲೆ ಹತ್ತಿ ಇಳಿಯಬೇಕು. ಮೂಲೆಯ ತಿರುವನ್ನು ಬಿಗಿ ಮಾಡಬೇಕು. ಅಗಲ ರಸ್ತೆಯ ನಡುವೆ ನಿಂತು ಉಸಿರಾಡೋಕೆ ಒಂದು ಕಟ್ಟೆ ಇರಬೇಕು. ಸವಳಂಗ ರಸ್ತೆ, ವಿದ್ಯಾನಗರ, ಕಾಶಿಪುರದಲ್ಲಿ ರೈಲ್ವೆ ಮೇಲ್ಸೇತುವೆಗಳನ್ನು ಕಟ್ಟಿದರು. ಗೇಟು ಕಾಯುವ ಕಾಟ ತಪ್ಪಿತು ಅಂತ ಗಾಡಿಯವರಿಗೆ ಖುಷಿ, ಅದು ನ್ಯಾಯವೂ ಹೌದು. ಆದರೆ ಹಳಿಯ ಆಚೆ ಕಾಣುವ ಮನೆಗೆ ನಡೆದು ಹೋಗುವವರು ಇಡೀ ಸೇತುವೆ ಹತ್ತಿ ಇಳಿಯುವುದಿಲ್ಲ, ಹಳಿಯನ್ನೇ ದಾಟುತ್ತಾರೆ. ಮೇಲ್ಸೇತುವೆಯ ಅಂದಾಜು ಪಟ್ಟಿಯಲ್ಲಿ ಕಾಲ್ನಡಿಗೆಯವರಿಗೆ ಹಳಿ ಕೆಳಗಿನ ಒಂದು ದಾರಿ ಯಾವಾಗಲೂ ಇರಬೇಕು. ಕೋಟಿಗಟ್ಟಲೆ ಖರ್ಚಿನ ನಡುವೆ ಅದು ದೊಡ್ಡ ಮೊತ್ತವಾಗಲಾರದು.

ಸೈಕಲ್ ಎಲ್ಲಿ ಹೋಯಿತು

2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ಆಗ ಹಣಕಾಸು ಖಾತೆ ಇದ್ದದ್ದು ನಮ್ಮ ಶಿಕಾರಿಪುರದ ಯಡಿಯೂರಪ್ಪನವರ ಕೈಯಲ್ಲಿ. ಸೈಕಲ್ ಗುಣಮಟ್ಟದ ಬಗ್ಗೆ ಪ್ರತಿ ವರ್ಷ ಗಲಾಟೆ ಆಗುತ್ತಿತ್ತು. ಆದರೂ ಹಳ್ಳಿ ರಸ್ತೆಯಲ್ಲಿ ಯೂನಿಫಾರ್ಮ್ ಹಾಕಿದ ಹುಡುಗಿಯರು ಗುಂಪಾಗಿ ಸೈಕಲ್ ತುಳಿದು ಹೋಗುವುದು ಮಾಮೂಲಿ ನೋಟ ಆಗಿಬಿಟ್ಟಿತು. ಕೋವಿಡ್ ಸಮಯಕ್ಕೆ ಯೋಜನೆ ನಿಂತಿತು.

ಈಗ ಪಿಯುಸಿ ಹುಡುಗರನ್ನು ನೋಡಿ. ವಯಸ್ಸು 16, 17. ಮನೆಯಿಂದ ಕಾಲೇಜಿಗೆ ನಾಲ್ಕು ಕಿಲೋಮೀಟರ್. ಸಿಟಿ ಬಸ್ಸು ಎಲ್ಲ ಬಡಾವಣೆಗೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಅಪ್ಪನ ಸ್ಕೂಟರ್ ಎತ್ತಿಕೊಂಡು ಹೋಗುತ್ತಾರೆ. ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ತಂದೆ ತಾಯಿಗೆ 25,000 ರೂಪಾಯಿ ದಂಡ. ಅಂಥ ಸುದ್ದಿ ನಮ್ಮ ಜಿಲ್ಲೆಯ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ದಂಡ ಹಾಕಲಿ. ಆದರೆ ಸೈಕಲ್ಲಿಗೆ ಹೇಳಿ ಮಾಡಿಸಿದ ವಯಸ್ಸು ಅದು. ಗೋಪಿ ವೃತ್ತದಿಂದ ನಾಲ್ಕೈದು ಕಿಲೋಮೀಟರ್ ಒಳಗೆ ಊರಿನ ಬಹುಪಾಲು ಮುಗಿಯುತ್ತದೆ. ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ. ತೀರ್ಥಹಳ್ಳಿ, ಸಾಗರದ ಹಾಗೆ ಏರು ಇಳಿಜಾರೂ ಇಲ್ಲಿ ಅಷ್ಟಿಲ್ಲ.

ನಮ್ಮ ಜನ ಸೈಕಲ್ಲಿಗೆ ಬರುವುದಿಲ್ಲ ಅನ್ನುವವರಿಗೆ ಎರಡು ಮಾತು. ಸೈಕಲ್ಲಿನ ದೇಶ ಅಂತ ನಾವು ಕೊಂಡಾಡುವ ನೆದರ್ಲೆಂಡ್ಸ್ 1971ರಲ್ಲಿ ರಸ್ತೆ ಅಪಘಾತಕ್ಕೆ ಮೂರು ಸಾವಿರಕ್ಕೂ ಜಾಸ್ತಿ ಜನರನ್ನು ಕಳೆದುಕೊಂಡಿತ್ತು. ಅದರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಂದೆ ತಾಯಂದಿರು ಬೀದಿಗಿಳಿದು ಜಗಳ ಮಾಡಿದ ಮೇಲೆ ರಸ್ತೆಗಳು ಬದಲಾದವು. ನಮ್ಮ ಪಕ್ಕದಲ್ಲೇ, ಮೈಸೂರಿನಲ್ಲಿ, 2017ರಲ್ಲಿ ‘ಟ್ರಿಣ್ ಟ್ರಿಣ್’ ಅಂತ 450 ಬಾಡಿಗೆ ಸೈಕಲ್ ಇಟ್ಟರು, ಜನ ಹತ್ತಿದರು.

ಹಾಗಂತ ಶಿವಮೊಗ್ಗದ ಮುಖ್ಯ ರಸ್ತೆಗಳ ಅಂಚಿಗೆ ಹಸಿರು ಬಣ್ಣ ಬಳಿದು ಸೈಕಲ್ ಪಥ ಅಂದರೆ ನಾನು ನಂಬುವುದಿಲ್ಲ. ಬಣ್ಣ ಒಣಗುವ ಮುಂಚೆ ಅಲ್ಲಿ ಆಟೋ ನಿಂತಿರುತ್ತದೆ. ನಮಗೆ ಬೇಕಾದ್ದು ಒಳರಸ್ತೆಗಳ ಜಾಲ. ರಾಜೇಂದ್ರನಗರ, ರವೀಂದ್ರನಗರದ ಒಳಬೀದಿಗಳಲ್ಲಿ ಈಗಲೂ ಸೈಕಲ್ ತುಳಿಯಬಹುದು, ಮರದ ನೆರಳೂ ಇದೆ. ಅಂಥ ಬೀದಿಗಳನ್ನು ಒಂದಕ್ಕೊಂದು ಸೇರಿಸಿ, ದೊಡ್ಡ ರಸ್ತೆ ದಾಟುವಲ್ಲಿ ಮಾತ್ರ ಭದ್ರ ವ್ಯವಸ್ಥೆ ಮಾಡಿದರೆ ಅರ್ಧ ಕೆಲಸ ಆದಂತೆ. ಊರೊಳಗೆ ಹಾದುಹೋಗುವ ತುಂಗಾ ಚಾನಲ್ಲಿನ ಏರಿ ಇನ್ನೊಂದು ಅವಕಾಶ. ನೀರಿನ ದಾರಿ ಅಂದಮೇಲೆ ಅದರ ಏರಿ ಹೆಚ್ಚುಕಡಿಮೆ ಮಟ್ಟಸ, ಉದ್ದಕ್ಕೂ ಒಂದೇ ಹದ. ಬೇಲಿ, ದೀಪ ಹಾಕಿ, ಕಸ ಸುರಿಯುವುದನ್ನು ತಡೆದರೆ ಹಾರನ್ ಕೇಳದ ಒಂದು ದಾರಿ ಸಿಗುತ್ತದೆ. ಬೀದಿನಾಯಿಗಳ ಸಮಸ್ಯೆಯನ್ನೂ ಇಲ್ಲೇ ಹೇಳಬೇಕು. ಬೆಳಗಿನ ಐದೂವರೆಗೆ ಸೈಕಲ್ ಹಿಂದೆ ಓಡಿ ಬರುವ ನಾಯಿ ಹಿಂಡು ಎಷ್ಟು ಜನರ ಹುಮ್ಮಸ್ಸು ಇಳಿಸಿದೆಯೋ. ಸೈಕಲ್ ಪಥದ ಯಾವ ನಕ್ಷೆಯಲ್ಲೂ ನಾಯಿಗಳು ಕಾಣಿಸಿಕೊಳ್ಳುವುದಿಲ್ಲ.

ಮಳೆ, ಕಾಲುಸಂಕ, ಕಾಲೊನಿ

ಮಲೆನಾಡಿನಲ್ಲಿ ನಡಿಗೆಯ ಮಾತಾಡುವಾಗ ಮಳೆಯನ್ನು ಬಿಟ್ಟರೆ ಹೇಗೆ? ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಆಗುಂಬೆಯಲ್ಲೂ ಜನ ಕೊಡೆ ಹಿಡಿದು ನಡೆಯುತ್ತಾರೆ. ಶಿವಮೊಗ್ಗದಲ್ಲಿ ಮಳೆ ಅದಕ್ಕಿಂತ ಎಷ್ಟೋ ಕಡಿಮೆ. ಮೇಲಿನಿಂದ ಬೀಳುವ ನೀರಿಗೆ ಕೊಡೆ ಇದೆ. ಕಷ್ಟ ಕೊಡುವುದು ಕೆಳಗೆ ನಿಲ್ಲುವ ನೀರು. ಚರಂಡಿ ಎಲ್ಲಿ ಮುಚ್ಚಿದೆ, ಎಲ್ಲಿ ಬಾಯಿ ತೆರೆದಿದೆ ಅಂತ ಕಾಣದ ಕೆಂಪು ನೀರಿನಲ್ಲಿ ಕಾಲಿಡೋಕೆ ಯಾರಿಗೂ ಮನಸ್ಸಾಗುವುದಿಲ್ಲ. ಬೇಸಿಗೆಯಲ್ಲಿ ನೆರಳೇ ಮುಖ್ಯ. ಏಪ್ರಿಲ್ ಮಧ್ಯಾಹ್ನ ಮರವಿಲ್ಲದ ಹೊಸ ಬಡಾವಣೆಯ ಕಾಂಕ್ರೀಟ್ ರಸ್ತೆಯಲ್ಲಿ ಐನೂರು ಮೀಟರ್ ನಡೆಯುವುದೂ ಶಿಕ್ಷೆ. ಹಳೇ ಪೇಟೆಯ ಅಂಗಡಿಗಳ ಮುಂದೆ ಚಾಚಿದ ಮಾಡುಗಳು ಮಳೆ, ಬಿಸಿಲು ಎರಡನ್ನೂ ತಡೆಯುತ್ತಿದ್ದವು. ಕಟ್ಟಡದ ನಿಯಮದಲ್ಲಿ ಅದಕ್ಕೆ ಮತ್ತೆ ಜಾಗ ಕೊಡಬಹುದು.

ಹಳ್ಳಿಗಳ ಕಥೆ ಬೇರೆ. ಹೊಸನಗರ, ತೀರ್ಥಹಳ್ಳಿ ಕಡೆ ಒಂದೊಂದು ಮನೆ ಒಂದೊಂದು ಗುಡ್ಡದ ಬುಡದಲ್ಲಿ. ಅಲ್ಲಿ ನಡಿಗೆ ಯಾರ ಆಯ್ಕೆಯೂ ಅಲ್ಲ. ಹಳ್ಳ ತುಂಬಿದಾಗ ಅಡಿಕೆ ಮರದ ಕಾಲುಸಂಕದ, ಅಂದರೆ ಪುಟ್ಟ ಕಾಲುಸೇತುವೆಯ ಮೇಲೆ ಮಕ್ಕಳು ಶಾಲೆಗೆ ಹೋಗುವುದನ್ನು ಆರೋಗ್ಯಕರ ಜೀವನ ಅಂತ ಹೊಗಳುವುದು ಕ್ರೂರ. ಅಲ್ಲಿ ಬೇಕಾದ್ದು ಗಟ್ಟಿ ಸಂಕ ಮತ್ತು ಹೊತ್ತಿಗೆ ಸರಿಯಾಗಿ ಬರುವ ಬಸ್ಸು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತ. ಖಾಸಗಿ ಬಸ್ಸುಗಳೇ ಜಾಸ್ತಿ ಓಡುವ ಮಲೆನಾಡಿನ ರೂಟುಗಳಲ್ಲಿ ಅದರ ಲಾಭ ಅರ್ಧಂಬರ್ಧ. ಬಸ್ಸು ಹತ್ತುವ ಪ್ರತಿಯೊಬ್ಬರೂ ಆ ತುದಿಯಲ್ಲಿ, ಈ ತುದಿಯಲ್ಲಿ ನಡೆಯುತ್ತಾರೆ ಅನ್ನೋದನ್ನು ಮರೆಯಬಾರದು. ಊರಿಗೆ ಬಸ್ಸು ಜಾಸ್ತಿಯಾದರೆ ನಡಿಗೆಯೂ ಜಾಸ್ತಿಯಾಗುತ್ತದೆ.

ಒಂದು ಮಾದರಿ ನಮ್ಮ ಜಿಲ್ಲೆಯಲ್ಲೇ ಇತ್ತು. ಭದ್ರಾವತಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆ ಆಯಿತು. ಸುತ್ತ ನ್ಯೂಟೌನು, ಪೇಪರ್ ಟೌನು ಬೆಳೆದವು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಆಟದ ಮೈದಾನ, ಕ್ಲಬ್ಬು ಎಲ್ಲ ಹತ್ತಿರ ಹತ್ತಿರ, ಸಾಲು ಮರಗಳು. ಶಿಫ್ಟ್ ಬಿಟ್ಟಾಗ ಗೇಟಿನಿಂದ ಹೊರಡುತ್ತಿದ್ದ ಸೈಕಲ್ ಸಾಲನ್ನು ಅಲ್ಲಿನ ಹಿರಿಯರು ಈಗಲೂ ನೆನೆಯುತ್ತಾರೆ. ಕೆಲಸಗಾರ ಸಮಯಕ್ಕೆ ಸರಿಯಾಗಿ ಗೇಟಿಗೆ ಬರಲಿ ಅನ್ನುವ ಲೆಕ್ಕಾಚಾರದಿಂದ ಅದು ಹಾಗೆ ಆಯಿತೇ ಹೊರತು ಯಾರ ಆರೋಗ್ಯದ ಕಾಳಜಿಯಿಂದಲ್ಲ. ಜಮೀನೆಲ್ಲ ಒಬ್ಬನೇ ಯಜಮಾನನ ಕೈಯಲ್ಲಿದ್ದರಿಂದ ಇಡೀ ಊರನ್ನು ಒಟ್ಟಾಗಿ ಯೋಚಿಸಲು ಸಾಧ್ಯವಾಯಿತು. ಈಗ ಹಾಗೆ ಯೋಚಿಸುವ ಅಧಿಕಾರ ಇರುವುದು ಇಡೀ ಊರಿನ ಬೆಳವಣಿಗೆಯ ನಕ್ಷೆಯಾದ ಮಾಸ್ಟರ್ ಪ್ಲಾನಿಗೆ ಮಾತ್ರ.

ಮಾಸ್ಟರ್ ಪ್ಲಾನಿನ ಕರಡು ಬಂದಾಗ ಜನರಿಂದ ಆಕ್ಷೇಪಣೆ, ಸಲಹೆ ಕೇಳಬೇಕು ಅಂತ ಕಾನೂನಿನಲ್ಲೇ ಇದೆ. ಅಲ್ಲಿಗೆ ಬರೆಯುವವರಲ್ಲಿ ಜಾಸ್ತಿ ಜನ ತಮ್ಮ ಸರ್ವೆ ನಂಬರನ್ನು ಕೃಷಿಯ ಹಸಿರು ವಲಯದಿಂದ ವಸತಿಯ ಹಳದಿಗೆ ಬದಲಾಯಿಸಿ ಅಂತ ಕೇಳುವವರು. ಅದು ಅವರ ಆಸ್ತಿ, ಕೇಳಲಿ. ನಡುವೆ ಯಾರಾದರೂ ಒಂದು ಬಿಳಿ ಹಾಳೆಯಲ್ಲಿ, ಇಂತಿಂಥ ಸರ್ವೆ ನಂಬರುಗಳ ನಡುವೆ ಆರಡಿ ಕಾಲುದಾರಿ ತೋರಿಸಿ, ಇಂಥ ಶಾಲೆಯ ಮುಂದೆ ಏರಿಸಿದ ಕ್ರಾಸಿಂಗ್ ಬರೆಯಿರಿ, ಚಾನಲ್ ಏರಿಯನ್ನು ರಸ್ತೆ ಅಂತಲ್ಲ, ಕಾಲ್ನಡಿಗೆ ಮತ್ತು ಸೈಕಲ್ ದಾರಿ ಅಂತ ಗುರುತಿಸಿ ಎಂದು ಬರೆದುಕೊಟ್ಟು ಸ್ವೀಕೃತಿ ಹಾಕಿಸಿಕೊಂಡು ಬರಬಹುದು. ಒಬ್ಬರ ಅರ್ಜಿಗೆ ಬೆಲೆ ಕಡಿಮೆ. ಒಂದು ಬಡಾವಣೆಯ ಸಂಘದ ಲೆಟರ್‌ಹೆಡ್ಡಿನಲ್ಲಿ, ಐವತ್ತು ಸಹಿ ಹಾಕಿಸಿ ಕೊಟ್ಟರೆ ಅಧಿಕಾರಿಗಳು ಅದಕ್ಕೆ ಉತ್ತರವನ್ನಾದರೂ ಬರೆಯಬೇಕಾಗುತ್ತದೆ.